ಗಳಿಗೆಬಟ್ಟಲು ಮತ್ತು ವಿದ್ಯುನ್ಮಂಡಲ

‘ಗಳಿಗೆ’ ಎಂಬ ಮಾತು ಸಂಸ್ಕೃತದ ‘ಘಟಿಕಾ’ ಶಬ್ದದ ತದ್ಭವ. ಘಟಿಕೆಯೆಂದರೆ ಚಿಕ್ಕ ಗಡಿಗೆ. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಪೂರ್ವಿಕರು ಒಂದು ಗಳಿಗೆಯೆಂದು ಎಣಿಸಿದರು. ಅಹೋರಾತ್ರಕ್ಕೆ 60 ಗಳಿಗೆ; ಗಳಿಗೆಯೊಂದಕ್ಕೆ 24 ನಿಮಿಷ; ಅದರ ಅರವತ್ತನೆಯ ಒಂದು ಪಾಲು ವಿಘಳಿಗೆ, ಎಂದರೆ 24 ಸೆಕೆಂಡು. ಕಣ್ಣಿಗೆ ಕಾಣದ ಕಾಲವನ್ನು ಪಾತ್ರೆಯೊಂದು ತುಂಬುವ ಕ್ರಿಯೆಯಿಂದ ಕಾಣಿಸಿಕೊಟ್ಟುದೇ ಆ ಬಟ್ಟಲಿನ ಹಿರಿಮೆ. ಇಂದು ಶಾಲೆಗಳ ವಿಜ್ಞಾನ ಕೊಠಡಿಯನ್ನು ಪ್ರವೇಶಿಸಿರುವ ಟೈಮರ್ ಕಿಟ್ಟಿನಲ್ಲಿ ಅಡಗಿರುವುದೂ ಇದೇ ತತ್ತ್ವ. ಆದರೆ ಆ ತತ್ತ್ವವು ವಿದ್ಯಾರ್ಥಿಯ ಬುದ್ಧಿಗೆ ಇಳಿಯುತ್ತಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಿಟ್ಟಿನ ಪೊಟ್ಟಣದಲ್ಲಿರುವ ಸಾಮಗ್ರಿ ಅಲ್ಪವಾದುದು: ಎಂಟು ಕಾಲುಗಳ ಒಂದು ಕರಿಯ ಐಸಿ, ಅಂಗಡಿಯವರು ರೆಸಿಸ್ಟರ್ ಎನ್ನುವ ಕೆಲವು ರೋಧಕಗಳು, ಕೆಪಾಸಿಟರ್ ಎನ್ನುವ ಒಂದೆರಡು ಧಾರಕಗಳು, ಒಂದು ಒತ್ತುಗುಂಡಿ, ಒಂದು ಎಲ್‌ಇಡಿ ದೀಪ, 9 ವೋಲ್ಟಿನ ಬ್ಯಾಟರಿಗೆ ತಂತಿ. 555 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಈ ಐಸಿಯನ್ನು, ಸ್ವಿಟ್ಜರ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲಸಿದ್ದ ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅವರು 1971ರಲ್ಲಿ ರೂಪಿಸಿದರು. ಸಿಗ್ನೆಟಿಕ್ಸ್ ಸಂಸ್ಥೆಯು 1972ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅರ್ಧ ಶತಮಾನ ಸಂದರೂ ಅದರ ಬಳಕೆ ನಿಂತಿಲ್ಲ.

ಗುಂಡಿಯನ್ನು ಒತ್ತಿದೊಡನೆ ದೀಪ ಬೆಳಗುತ್ತದೆ. ರೋಧಕದ ಮೂಲಕ ವಿದ್ಯುತ್ತು ಧಾರಕಕ್ಕೆ ಹರಿಯತೊಡಗುತ್ತದೆ. ಇಲ್ಲಿ ರೋಧಕವೇ ರಂಧ್ರ, ಧಾರಕವೇ ಬಟ್ಟಲು. ಧಾರಕದ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿನ ಮೂರರಲ್ಲಿ ಎರಡು ಪಾಲನ್ನು ಮುಟ್ಟಿದ ಕ್ಷಣದಲ್ಲಿ ಐಸಿಯು ದೀಪವನ್ನು ಆರಿಸಿ, ಧಾರಕವನ್ನು ಬರಿದುಮಾಡಿ, ಮತ್ತೊಮ್ಮೆ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ. ಮಟ್ಟವನ್ನು ಬ್ಯಾಟರಿಯ ಪಾಲಾಗಿಯೇ ಅಳೆಯುವುದರಿಂದ, ಬ್ಯಾಟರಿ ಕೊಂಚ ಸೊರಗಿದರೂ ಹೊತ್ತು ಅಷ್ಟಾಗಿ ಕದಲುವುದಿಲ್ಲ. ರೋಧಕದ ಬೆಲೆಯನ್ನು ಧಾರಕದ ಬೆಲೆಯಿಂದ ಗುಣಿಸಿ, ಬಂದುದನ್ನು 1.1ರಿಂದ ಗುಣಿಸಿದರೆ ದೀಪ ಉರಿಯುವ ಕಾಲ ದೊರೆಯುತ್ತದೆ. 220 ಕಿಲೊಓಮ್ ರೋಧಕವನ್ನೂ 100 ಮೈಕ್ರೊಫ್ಯಾರಡ್ ಧಾರಕವನ್ನೂ ಜೋಡಿಸಿದಲ್ಲಿ ಬರುವ ಲೆಕ್ಕ 24.2 ಸೆಕೆಂಡು. ಹೆಚ್ಚುಕಡಮೆ ಒಂದು ವಿಘಳಿಗೆಯೇ ಸರಿ!

ಇಂತಹ ಸುಂದರವಾದ ಪಾಠವು ಎಷ್ಟೋ ಕಡೆ ವಸ್ತುಪ್ರದರ್ಶನದ ಒಂದು ಅಲಂಕಾರವಾಗಿ ಮುಗಿಯುತ್ತದೆ. ಪ್ರದರ್ಶನದ ಹಿಂದಿನ ರಾತ್ರಿ ಅಧ್ಯಾಪಕರೋ ಚುರುಕಾದ ಒಬ್ಬ ಹುಡುಗನೋ ಚಿತ್ರ ನೋಡಿ ಬೆಸುಗೆ ಹಾಕುತ್ತಾರೆ, ಮರುದಿನ ದೀಪ ಬೆಳಗಿ ಆರುತ್ತದೆ, ಗಣ್ಯರು ಮೆಚ್ಚುತ್ತಾರೆ, ಆಮೇಲೆ ಅದು ಗಾಜಿನ ಬೀರುವನ್ನು ಸೇರುತ್ತದೆ. ಉಳಿದ ಮಕ್ಕಳಿಗೆ ಅದು ದರ್ಶನಮಾತ್ರದ ವಸ್ತು. ಜೋಡಿಸಿದವನಿಗಾದರೂ ಏನು ದಕ್ಕಿತು? ಕೆಂಪು, ಕೆಂಪು, ಹಳದಿ ಪಟ್ಟೆಗಳು 220 ಕಿಲೊಓಮನ್ನು ಏಕೆ ಸೂಚಿಸುತ್ತವೆಂದು ಕೇಳಿದರೆ ಅವನೂ ಮೌನಿ. ಕೊಟ್ಟ ಚಿತ್ರದಂತೆ ಜೋಡಿಸುವುದು ಅರ್ಥವರಿಯದೆ ಶ್ಲೋಕವನ್ನು ಕಂಠಪಾಠ ಮಾಡಿದಂತೆ. ಕಂಠಪಾಠವು ನಿಂದ್ಯವಲ್ಲ, ಆದರೆ ಅನ್ವಯ ಮತ್ತು ಅರ್ಥ ತಿಳಿಯದಿದ್ದರೆ ಅದು ಅರ್ಧವಿದ್ಯೆ.

ದೀಪ ಬೆಳಗಿದಾಗ ಪಾಠ ಮುಗಿಯಬಾರದು, ಪ್ರಾರಂಭವಾಗಬೇಕು. ವಿದ್ಯಾರ್ಥಿಯು ಸೆಕೆಂಡಿನ ಗಡಿಯಾರ ಹಿಡಿದು ಹತ್ತು ಬಾರಿ ಅಳೆಯಲಿ. ಲೆಕ್ಕ ಹೇಳಿದ 24.2 ಸೆಕೆಂಡಿಗೆ ಬದಲಾಗಿ 27 ಬಂದೀತು, 21 ಬಂದೀತು. ಚಿನ್ನದ ಬಣ್ಣದ ಪಟ್ಟೆಯ ರೋಧಕದಲ್ಲಿ ನೂರಕ್ಕೆ 5ರಷ್ಟು ಹೆಚ್ಚುಕಡಮೆ ಸಲ್ಲುತ್ತದೆ. ಎಲೆಕ್ಟ್ರೊಲೈಟಿಕ್ ಧಾರಕದಲ್ಲಿ ನೂರಕ್ಕೆ 20ರಷ್ಟು ಸಾಮಾನ್ಯ. ಗ್ರಂಥದ ಸೂತ್ರಕ್ಕೂ ಕೈಯಲ್ಲಿರುವ ವಸ್ತುವಿಗೂ ನಡುವಣ ಈ ಅಂತರವನ್ನು ಕಂಡು, ಅದರ ಕಾರಣವನ್ನು ಅರಸಿ, ರೋಧಕವನ್ನು ಬದಲಿಸಿ ಮತ್ತೆ ಅಳೆಯುವವನೇ ನಿಜವಾದ ಜಿಜ್ಞಾಸು. ತಪ್ಪು ಉತ್ತರ ಬಂತೆಂದು ಅಂಕಿಯನ್ನು ತಿದ್ದಿ ಬರೆಯುವ ಅಭ್ಯಾಸವಂತೂ ವಿದ್ಯೆಗೇ ದ್ರೋಹ.

ಭಾಷೆಯ ಮಾತನ್ನೂ ಮರೆಯುವಂತಿಲ್ಲ. ಕಿಟ್ಟಿನೊಡನೆ ಬರುವ ವಿವರಣೆಯ ಹಾಳೆ ಬಹುಮಟ್ಟಿಗೆ ಇಂಗ್ಲಿಷಿನದು. ಕನ್ನಡ ಮಾಧ್ಯಮದ ಬಾಲಕ ಅದನ್ನು ಚಿತ್ರದಂತೆ ನೋಡಿ ನಕಲು ಮಾಡುತ್ತಾನೆ. ಐಸಿ, ಬ್ಯಾಟರಿ, ಸ್ವಿಚ್ಚು ಮೊದಲಾದ ಪದಗಳು ಕನ್ನಡದಲ್ಲಿ ಸಲೀಸಾಗಿ ಬೆರೆತಿವೆ. ಅವುಗಳನ್ನು ಹೊರಗಟ್ಟಿ ನಾಲಗೆ ತೊಡರುವ ಶಬ್ದಗಳನ್ನು ಟಂಕಿಸಬೇಕಾದ ಅಗತ್ಯವಿಲ್ಲ. ಬೇಕಾದುದು ಕನ್ನಡದ ವಿವರಣೆ. ಮಂಡಲವನ್ನು ಜೋಡಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದರ ಕಾರ್ಯವನ್ನು ಸ್ವಂತ ವಾಕ್ಯಗಳಲ್ಲಿ ಒಂದು ಪುಟ ಬರೆದೊಪ್ಪಿಸುವ ನಿಯಮವಿರಲಿ. ತನ್ನ ನುಡಿಯಲ್ಲಿ ವಿವರಿಸಲು ಬಂದಾಗಲೇ ವಿಷಯ ಅರ್ಥವಾಯಿತೆಂದು ತಿಳಿಯಬೇಕು.

‘ಹಳ್ಳಿಯ ಮಕ್ಕಳಿಗೆ ಇದರಿಂದ ಏನು ಪ್ರಯೋಜನ? ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲವಲ್ಲ!’ ಎನ್ನುವವರುಂಟು. ಅಂಥವರು ಹಾಸನದ ಸೀಮೆಯನ್ನೊಮ್ಮೆ ಕಣ್ದೆರೆದು ನೋಡಬೇಕು. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕರೆಂಟು ಬಂದೊಡನೆ ಮೋಟರನ್ನು ನೂಕದೆ ಕೆಲವು ಕ್ಷಣ ತಡೆದು ಚಾಲೂ ಮಾಡುವ ಸ್ವಯಂಚಾಲಿತ ಸ್ಟಾರ್ಟರಿಗೆ ಬೇಕಾದುದು ಇದೇ ಕಾಲಜ್ಞಾನ. ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ರಾತ್ರಿಯೆಲ್ಲ ಶಾಖವನ್ನು ನೋಡಿಕೊಳ್ಳುವವನಿಗೂ, ಹೊಳೆನರಸೀಪುರದ ಗದ್ದೆಗೆ ನೀರು ಕಟ್ಟಿ ಕಾಯುವವನಿಗೂ ಹೊತ್ತಿಗೆ ಎಚ್ಚರಿಸುವ ಸಾಧನ ಉಪಕಾರಿ. ಮಕ್ಕಳು ಮನೆಯ ಕರೆಂಟಿಗೆ ಕೈಹಾಕದೆ ಬ್ಯಾಟರಿಯಲ್ಲಿಯೇ ಕಲಿಯಬೇಕು. ಆದರೆ ತತ್ತ್ವವನ್ನು ಕಲಿತವನು ಮುಂದೆ ಕೆಟ್ಟ ಸ್ಟಾರ್ಟರಿನ ಮುಂದೆ ಅಸಹಾಯನಾಗಿ ನಿಲ್ಲನು.

ಹಾಸನ ನಗರದಲ್ಲಿಯೇ 1982ರಿಂದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸ್ಥಾನವನ್ನು ತಿಳಿಸುವ ನಾವಿಕ್ ಉಪಗ್ರಹಗಳಿಗೆ ಗಡಿಯಾರವೇ ಜೀವಾಳ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರದ ಲೆಕ್ಕದಲ್ಲಿ ಸುಮಾರು 300 ಮೀಟರು ತಪ್ಪುತ್ತದೆ. 2013ರಲ್ಲಿ ಹಾರಿದ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟಾಗ, ಸ್ಥಾನ ಸೂಚಿಸುವ ಕಾರ್ಯಕ್ಕೆ ಅದು ಒದಗದಾಯಿತು. ತಾಮ್ರದ ಬಟ್ಟಲಿನಿಂದ ಪರಮಾಣು ಗಡಿಯಾರದವರೆಗಿನ ದೀರ್ಘಪಥದಲ್ಲಿ ಶಾಲೆಯ ಈ ಪುಟ್ಟ ಮಂಡಲವೂ ಒಂದು ಮೆಟ್ಟಿಲು.

ಆದುದರಿಂದ ಶಾಲೆಗಳು ಬೀರುವಿನ ಬೀಗವನ್ನು ತೆರೆಯಲಿ. ಒಂದು ಕಿಟ್ಟನ್ನು ನೂರು ಮಂದಿ ನೋಡುವುದಕ್ಕಿಂತ, ನಾಲ್ಕು ನಾಲ್ಕು ಮಕ್ಕಳ ಕೈಗೆ ಒಂದೊಂದು ಕಿಟ್ಟು ಸೇರುವುದು ಲೇಸು. ಒಂದೆರಡು ಐಸಿ ಸುಟ್ಟರೆ ಆಗುವ ನಷ್ಟ ಕೆಲವು ರೂಪಾಯಿ. ಮುಟ್ಟದೆಯೇ ಉಳಿದ ಕೈಗಳಿಂದ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ತಾನೇ ಕಟ್ಟಿದ ಮಂಡಲದಿಂದ ಒಂದು ವಿಘಳಿಗೆಯನ್ನು ಅಳೆದು ನೋಡಿದ ಬಾಲಕನಿಗೂ ಬಾಲಕಿಗೂ ಕಾಲದ ಬೆಲೆಯನ್ನು ಬೇರೆ ಉಪನ್ಯಾಸದಿಂದ ಹೇಳಬೇಕಾಗಿಲ್ಲ.