ದಂಡನಾಯಕರಿಗೆ ಬಾಗಿಲು ತೆರೆದವರು

ಪಾಕಿಸ್ತಾನದಲ್ಲಿ ಪ್ರಜಾಪ್ರಭುತ್ವವನ್ನು ಕೊಂದವರು ಯಾರೆಂದು ಕೇಳಿದರೆ ಎಲ್ಲರ ಬೆರಳೂ ರಾವಲ್ಪಿಂಡಿಯ ಸೇನಾ ಕಚೇರಿಯತ್ತ ಚಾಚುತ್ತದೆ. ಅಯೂಬ್, ಯಾಹ್ಯಾ, ಜಿಯಾ, ಮುಷರಫ್ ಯಾರೂ ನಿರಪರಾಧಿಗಳಲ್ಲ. ಆದರೆ 1958ರ ಅಕ್ಟೋಬರಿನಲ್ಲಿ ಅಯೂಬ್ ಗದ್ದುಗೆ ಏರುವ ಹೊತ್ತಿಗೆ ಅಲ್ಲಿ ಕೊಲ್ಲಲು ಹೆಚ್ಚೇನೂ ಉಳಿದಿರಲಿಲ್ಲ. ಶೇರ್ವಾನಿ ತೊಟ್ಟವರೇ ಆ ಕೆಲಸವನ್ನು ಬಹುಪಾಲು ಮುಗಿಸಿದ್ದರು.

ಕೆಟ್ಟ ಮೇಲ್ಪಂಕ್ತಿ ಹಾಕಿದ್ದು ಸ್ವತಃ ಜಿನ್ನಾ. ದೇಶ ಹುಟ್ಟಿ ಎಂಟು ದಿನವಾಗಿತ್ತಷ್ಟೆ, ವಾಯವ್ಯ ಗಡಿ ಪ್ರಾಂತದಲ್ಲಿ ಬಹುಮತವಿದ್ದ ಡಾ. ಖಾನ್ ಸಾಹಿಬರ ಸರ್ಕಾರ ವಜಾ ಆಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಜಿನ್ನಾ ತೀರಿಕೊಂಡರು. 1951ರಲ್ಲಿ ಪ್ರಧಾನಿ ಲಿಯಾಖತ್ ಅಲಿ ಖಾನ್ ರಾವಲ್ಪಿಂಡಿಯ ಸಭೆಯಲ್ಲಿ ಗುಂಡಿಗೆ ಬಲಿಯಾದರು. ನಾಯಕರು ಬೇಗ ಕಣ್ಮರೆಯಾದದ್ದೇ ದೇಶದ ದುರದೃಷ್ಟ ಎಂಬ ವಾದವನ್ನು ಅಲ್ಲಿನ ರಾಜಕಾರಣಿಗಳು ಇಂದಿಗೂ ಹೇಳುತ್ತಾರೆ. ಅದು ಅರ್ಧ ಸತ್ಯ. ಉಳಿದವರು ಮಾಡಿದ್ದೇನು?

1953ರಲ್ಲಿ ಗವರ್ನರ್ ಜನರಲ್ ಗುಲಾಂ ಮುಹಮ್ಮದ್ ಪ್ರಧಾನಿ ನಾಜಿಮುದ್ದೀನರನ್ನು ಮನೆಗೆ ಕಳಿಸಿದರು. ಸಂವಿಧಾನ ಸಭೆ ಅವರ ಬಜೆಟ್ಟಿಗೆ ಒಪ್ಪಿಗೆ ಕೊಟ್ಟು ಕೆಲವೇ ವಾರಗಳಾಗಿದ್ದವು. ವಜಾ ಮಾಡಿದಾತ ಆಡಳಿತ ಸೇವೆಯಿಂದ ಬಂದ ಅಧಿಕಾರಿ, ಹೊಸ ಪ್ರಧಾನಿ ಬೋಗ್ರಾ ಅಮೆರಿಕದಲ್ಲಿದ್ದ ರಾಯಭಾರಿ. ಸಭೆ ಪ್ರತಿಭಟಿಸಲಿಲ್ಲ, ಸಚಿವರಲ್ಲಿ ಹಲವರು ಹೊಸ ಸಂಪುಟಕ್ಕೂ ನಡೆದರು. ಮುಂದೆ ಅದೇ ಸಭೆ ಗವರ್ನರ್ ಜನರಲ್‌ನ ಅಧಿಕಾರ ಕತ್ತರಿಸಲು ಹೊರಟಾಗ, 1954ರ ಅಕ್ಟೋಬರ್ 24ರಂದು ಅದನ್ನೇ ವಿಸರ್ಜಿಸಲಾಯಿತು. ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ಸಿಂಧ್ ಮುಖ್ಯ ನ್ಯಾಯಾಲಯದಲ್ಲಿ ಗೆದ್ದರು. ನ್ಯಾಯಮೂರ್ತಿ ಮುನೀರ್ ನೇತೃತ್ವದ ಫೆಡರಲ್ ಕೋರ್ಟ್ ಆ ಗೆಲುವನ್ನು ಕಿತ್ತುಕೊಂಡಿತು. ಅಲ್ಲಿ ಭಿನ್ನಮತ ದಾಖಲಿಸಿದ ನ್ಯಾಯಮೂರ್ತಿ ಕಾರ್ನೀಲಿಯಸ್ ಒಬ್ಬರ ಬೆನ್ನೆಲುಬಾದರೂ ನೆಟ್ಟಗಿತ್ತು.

ವಿಸರ್ಜನೆಯ ಬೆನ್ನಿಗೇ ರಚನೆಯಾದ ಸಂಪುಟದಲ್ಲಿ ರಕ್ಷಣಾ ಸಚಿವರಾಗಿ ಕೂತದ್ದು ಹಾಲಿ ಸೇನಾಪತಿ ಅಯೂಬ್ ಖಾನ್. ಅವರೇನೂ ಬಾಗಿಲು ಒಡೆದು ನುಗ್ಗಲಿಲ್ಲ, ಕರೆದು ಕುರ್ಚಿ ಹಾಕಿಸಿದ್ದು. ಪಕ್ಕದಲ್ಲಿ ಇದೇ ಡಾ. ಖಾನ್ ಸಾಹಿಬ್ ಇದ್ದರು. ಪೂರ್ವ ಬಂಗಾಳದಲ್ಲಿ ಮುಸ್ಲಿಂ ಲೀಗನ್ನು ನೆಲಕಚ್ಚಿಸಿದ ಯುಕ್ತರಂಗದ ಸರ್ಕಾರ ಕೆಲವೇ ವಾರಗಳಲ್ಲಿ ವಜಾ ಆಗಿತ್ತು. ಆ ರಂಗದ ಮುಖಂಡ ಸುಹ್ರವರ್ದಿಯೂ ತಿಂಗಳೆರಡರೊಳಗೆ ಅಯೂಬ್ ಇದ್ದ ಸಂಪುಟದಲ್ಲೇ ಕಾನೂನು ಸಚಿವರಾದರು. ಏಟು ತಿಂದವರೂ ಏಟು ಕೊಟ್ಟವರ ಪಂಕ್ತಿಯಲ್ಲೇ ಊಟಕ್ಕೆ ಕೂತರು.

ಇನ್ನು ಜಮೀನ್ದಾರಿ ಮನೆತನಗಳು. ಪಂಜಾಬಿನ ನೂನ್, ಟಿವಾಣಾ, ದೌಲತಾನಾ, ಮಮ್ದೋಟ್; ಸಿಂಧಿನ ಖುಹ್ರೊ, ಭುಟ್ಟೊ. ಗಾಳಿ ಬಂದ ಕಡೆ ತೂರಿಕೊಳ್ಳುವ ಕಲೆ ಇವುಗಳಲ್ಲಿ ಅನೇಕಕ್ಕೆ ವಂಶಪಾರಂಪರ್ಯವಾಗಿತ್ತು. ಬ್ರಿಟಿಷರ ಕಾಲದ ಪಂಜಾಬಿನಲ್ಲಿ ಯೂನಿಯನಿಸ್ಟ್ ಪಕ್ಷದವರು, ಪಾಕಿಸ್ತಾನ ಖಚಿತವಾದಾಗ ಲೀಗಿನವರು, 1956ರಲ್ಲಿ ಅಧ್ಯಕ್ಷ ಇಸ್ಕಂದರ್ ಮಿರ್ಜಾರ ಆಸರೆಯಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿದಾಗ ಅಲ್ಲಿಗೂ ದಂಡಾಗಿ ಹೋದರು. ಫಿರೋಜ್ ಖಾನ್ ನೂನ್ ಈ ಮೂರೂ ಮನೆಗಳಲ್ಲಿದ್ದವರು. ಒಮಾನಿನಿಂದ ಗ್ವಾದರ್ ಪಡೆದ ಶ್ರೇಯಸ್ಸು ಪ್ರಧಾನಿ ನೂನ್‌ಗೆ ಸಲ್ಲಬೇಕು, ಅದು ಸಣ್ಣ ಸಾಧನೆಯಲ್ಲ. ಆದರೆ 1958ರಲ್ಲಿ ಅಯೂಬ್‌ರ ಸೇವಾವಧಿಯನ್ನು ಎರಡು ವರ್ಷ ವಿಸ್ತರಿಸಿದ್ದೂ ಅವರ ಸರ್ಕಾರವೇ. ಕೆಲವೇ ತಿಂಗಳಲ್ಲಿ ಮಿರ್ಜಾ ಸಂವಿಧಾನವನ್ನು ರದ್ದು ಮಾಡಿ ಅಯೂಬ್‌ರನ್ನು ಮಾರ್ಷಲ್ ಲಾ ಆಡಳಿತಾಧಿಕಾರಿ ಮಾಡಿದರು. ಇಪ್ಪತ್ತು ದಿನಗಳಲ್ಲಿ ಅಯೂಬ್ ಮಿರ್ಜಾರನ್ನೇ ಲಂಡನ್ನಿಗೆ ಅಟ್ಟಿದರು. ಆ ಮಾರ್ಷಲ್ ಲಾ ಸಂಪುಟದಲ್ಲೇ ಮೂವತ್ತರ ಹರೆಯದ ಜುಲ್ಫಿಕರ್ ಅಲಿ ಭುಟ್ಟೊ ಸಚಿವರಾದರು. 1959ರಲ್ಲಿ ನಡೆಯಬೇಕಿದ್ದ ಮಹಾಚುನಾವಣೆ ನಡೆದದ್ದು 1970ರಲ್ಲಿ. ಅದರ ಫಲಿತಾಂಶವನ್ನು ಒಪ್ಪದೆ ದೇಶವನ್ನೇ ಒಡೆದುಕೊಂಡರು, ಅದರಲ್ಲೂ ಭುಟ್ಟೊ ಪಾಲು ಕಡಿಮೆಯದಲ್ಲ.

ಸೇನೆಯಿಂದ ಗಲ್ಲಿಗೇರಿದ ಭುಟ್ಟೊ, ದೇಶಭ್ರಷ್ಟರಾದ ನವಾಜ್ ಷರೀಫ್ ಇಬ್ಬರ ಮೇಲೂ ಕನಿಕರ ಸಹಜ. ತೀರ್ಪಿಗೆ ಕನಿಕರ ಆಧಾರವಾಗದು, ಅವರ ಪಕ್ಷಗಳೂ ಹಳೆಯ ದಾರಿಯನ್ನೇ ತುಳಿದವು. 2020ರ ಜನವರಿಯಲ್ಲಿ ಸೇನಾ ಮುಖ್ಯಸ್ಥರ ಸೇವಾವಧಿ ವಿಸ್ತರಣೆಗೆ ದಾರಿಮಾಡುವ ಮಸೂದೆ ಬಂದಾಗ ಇಮ್ರಾನ್ ಖಾನರ ಪಕ್ಷದೊಂದಿಗೆ ಭುಟ್ಟೊ ಕುಟುಂಬದ ಪಕ್ಷವೂ ಷರೀಫರ ಪಕ್ಷವೂ ಕೈ ಎತ್ತಿದವು. 2024ರ ನವೆಂಬರಿನಲ್ಲಿ, ನವಾಜರ ತಮ್ಮ ಶಹಬಾಜ್ ಷರೀಫ್ ಪ್ರಧಾನಿಯಾಗಿ, ಭುಟ್ಟೊ ಕುಟುಂಬದ ಪಕ್ಷದ ಜರ್ದಾರಿ ಅಧ್ಯಕ್ಷರಾಗಿ ಇರುವಾಗ, ಆ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಲಾಯಿತು.