ಮನದ ಮಂಡಿಗೆಗೂ ಲೆಕ್ಕವೇ?

ಹೆಂಗಸಿಗೆ ತನ್ನದೇ ಎಂದು ಬೀಗ ಹಾಕಿಕೊಳ್ಳುವ ಜಾಗ ಮನೆಯಲ್ಲಿ ಎಲ್ಲಿದೆ, ಹೇಳಿ? ಬೀರುವಿನ ಬೀಗದ ಕೈ ಎಲ್ಲರಿಗೂ ಗೊತ್ತಿರುವ ಮೊಳೆಗೇ ನೇತಾಡುತ್ತಿರುತ್ತದೆ. ಸಾಸಿವೆ ಡಬ್ಬಿಯ ದುಡ್ಡು ಮಕ್ಕಳಿಗೂ ಗೊತ್ತು. ಉಳಿದದ್ದು ತಲೆಯೊಳಗಿನ ಒಂದು ಕೋಣೆ. ಅಲ್ಲಿ ಅತ್ತೆಗೆ ಎದುರುತ್ತರ ಕೊಡಬಹುದು, ಗಂಡನಿಗೆ ಎರಡು ಮಾತು ಅನ್ನಬಹುದು, ಮಂಡಿಗೆ ತಿನ್ನಬಹುದು. ತುಪ್ಪದ ಲೆಕ್ಕ ಕೇಳುವವರಿಲ್ಲ. ಈಗ ಆ ಕೋಣೆಗೂ ಕಿಟಕಿ ಕೊರೆಯುವ ವಿದ್ಯೆ ಬಂದಿದೆ. ಮಿದುಳಿನ ಸಂಕೇತಗಳನ್ನು ಮಾತಾಗಿಸುವ ಯಂತ್ರ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಕೆನಡಾದ ಒಬ್ಬ ಮಹಿಳೆಗೆ ಮೂವತ್ತನೆಯ ವಯಸ್ಸಿಗೇ ಪಾರ್ಶ್ವವಾಯು ಬಡಿದು ಮಾತು ಹೋಯಿತು. ಸುಮಾರು ಹದಿನೆಂಟು ವರ್ಷಗಳ ನಂತರ, 2023ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯ ಎಡ್ವರ್ಡ್ ಚಾಂಗ್ ಅವರ ತಂಡ ತನ್ನ ಪ್ರಯೋಗವನ್ನು ಪ್ರಕಟಿಸಿತು. ಆಕೆಯ ಮಿದುಳಿನ ಮೇಲೆ 253 ಎಲೆಕ್ಟ್ರೋಡುಗಳ ಒಂದು ತೆಳು ಹಾಳೆಯನ್ನು ಹಾಸಿದ್ದರು. ಆಕೆ ಮಾತಾಡಲು ಪ್ರಯತ್ನಿಸಿದಾಗ ತುಟಿ, ನಾಲಗೆಗೆ ಹೊರಟ ಅಪ್ಪಣೆಯನ್ನು ಅದು ಹಿಡಿದು ಕಂಪ್ಯೂಟರಿಗೆ ಕೊಟ್ಟಿತು. ನಿಮಿಷಕ್ಕೆ 78 ಪದ. ದನಿ ಸಹ ಆಕೆಯದೇ, ಮದುವೆಯ ದಿನದ ಹಳೆಯ ವಿಡಿಯೊದಿಂದ ಹೆಕ್ಕಿ ಕಟ್ಟಿದ್ದು! ಮಾತು ನಿಂತ ಹಿರಿಯರಿಗೆ ಗಂಜಿ ಕುಡಿಸಿದವರಿಗೆ ಇದರ ಬೆಲೆ ಗೊತ್ತು. ನೀರು ಬೇಕೇ, ಮಗ್ಗುಲು ಹೊರಳಿಸಲೇ ಎಂದು ಕೇಳುತ್ತ ಅವರ ಕಣ್ಣನ್ನೇ ಓದುತ್ತ ಕೂತವರು ನಾವೇ ತಾನೆ? ಇಂಥ ಯಂತ್ರ ಬೇಡ ಎನ್ನುವ ಕಟುಕತನ ನನಗಿಲ್ಲ.

ಆದರೆ ಆಕೆ ನುಡಿಯಲು ಯತ್ನಿಸಿದ್ದನ್ನಷ್ಟೇ ಆ ಯಂತ್ರ ನುಡಿಯಿತು. 2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಾಯಿ ಆಡಿಸುವ ಯತ್ನವೂ ಇಲ್ಲದೆ, ಮನಸ್ಸಿನಲ್ಲೇ ಅಂದುಕೊಂಡ ಮಾತನ್ನು ಓದಿದರು. ಪರದೆಯ ಮೇಲಿನ ಗುಲಾಬಿ ಬಣ್ಣದ ವೃತ್ತಗಳನ್ನು ಎಣಿಸಲು ಹೇಳಿದಾಗ, ಮನಸ್ಸಿನಲ್ಲೇ ಎಣಿಸಿಕೊಂಡ ಸಂಖ್ಯೆಗಳ ಸುಳಿವು ಸಹ ಯಂತ್ರಕ್ಕೆ ಸಿಕ್ಕಿಬಿಟ್ಟಿತಂತೆ. ಆ ಸಂಶೋಧಕರೇ ದಿಗಿಲುಗೊಂಡರೇನೋ, ಒಂದು ಬೀಗವನ್ನೂ ಮಾಡಿದರು. ಗೊತ್ತುಮಾಡಿಕೊಂಡ ಗುಪ್ತವಾಕ್ಯವೊಂದನ್ನು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕಿವಿ ತೆರೆಯುತ್ತದೆ. ಒಳ್ಳೆಯ ಬುದ್ಧಿ.

"ಮುಚ್ಚಿಡುವಂಥದ್ದು ಇಲ್ಲದವರಿಗೆ ಭಯ ಯಾಕೆ?" ಎಂದು ಕೇಳುವ ಮಹಾಶಯರಿದ್ದಾರೆ. ಈ ಪ್ರಶ್ನೆ ನಮಗೆ ಹೊಸದೇನಲ್ಲ. ಕಾಗದ ಒಡೆದು ಓದಿದವರು, ಡೈರಿ ತೆರೆದು ನೋಡಿದವರು ಹೀಗೇ ಕೇಳಿದ್ದು. ಅವರಿಗೆ ಉತ್ತರ ಪುಣೆಯಲ್ಲಿದೆ. ಅಲ್ಲಿ ಬಳಸಿದ್ದು ಇನ್ನೂ ಮೊಂಡಾದ ಉಪಕರಣ. ಮಾತನ್ನು ಓದುವುದಲ್ಲ, ನೆನಪನ್ನು ಪತ್ತೆಹಚ್ಚುತ್ತೇನೆ ಎಂದು ಹೊರಟದ್ದು. ಮಾಜಿ ಪ್ರಿಯಕರನಿಗೆ ವಿಷವಿಕ್ಕಿದ ಆರೋಪ ಹೊತ್ತ ತರುಣಿಯೊಬ್ಬಳ ತಲೆಗೆ ಎಲೆಕ್ಟ್ರೋಡುಗಳನ್ನು ಅಂಟಿಸಿ, ಕೊಲೆಯ ವಿವರಗಳನ್ನು ಒಂದೊಂದಾಗಿ ಕೇಳಿಸಿದರು. ಅವಳು ಬಾಯಿ ಬಿಡಬೇಕಾಗಿರಲಿಲ್ಲ. ಅಲೆಗಳ ಗೀಟು ನೋಡಿ, ಇವಳಿಗೆ ಇದೆಲ್ಲ ಅನುಭವದಿಂದಲೇ ಗೊತ್ತು ಎಂದರು. 2008ರಲ್ಲಿ ನ್ಯಾಯಾಲಯ ಅದನ್ನೂ ಸಾಕ್ಷ್ಯವಾಗಿ ಹಿಡಿದು ಜೀವಾವಧಿ ವಿಧಿಸಿತು. ಅದೇ ವರ್ಷ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ವಿಧಾನ ವೈಜ್ಞಾನಿಕವಲ್ಲ ಎಂದು ಹೇಳಿತ್ತು. ಮುಂದೆ ಮೇಲಿನ ನ್ಯಾಯಾಲಯ ಅವಳಿಗೆ ಜಾಮೀನು ಕೊಟ್ಟಿತು, ನಿಜ. ಅಷ್ಟರಲ್ಲಿ ಅವಳು ಆಡದ ಮಾತು ಊರೆಲ್ಲ ಆಡಿಯಾಗಿತ್ತು.

ಸುಪ್ರೀಂ ಕೋರ್ಟು 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ, ಮಂಪರು ಪರೀಕ್ಷೆಯನ್ನಾಗಲಿ ಮಿದುಳಿನ ಪರೀಕ್ಷೆಯನ್ನಾಗಲಿ ಬಲವಂತವಾಗಿ ಮಾಡಕೂಡದು ಎಂದಿತು. ಒಪ್ಪಿಗೆ ಬೇಕು, ಅದೂ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಸಂತೋಷ. ಆದರೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸಿ ಕೂತದ್ದನ್ನೇ ಒಪ್ಪಿಗೆ ಎಂದುಕೊಂಡ ಜನ ನಾವು. ಪೊಲೀಸರು ಕರೆತಂದ ಬಡವಳ ಒಪ್ಪಿಗೆ ಹೇಗಿದ್ದೀತು? ನೌಕರಿ ಕೊಡುವವನು, ವಿಮೆ ಕೊಡುವವನು "ಇಲ್ಲೊಂದು ಸಹಿ ಹಾಕಿಬಿಡಿ" ಎಂದರೆ?

ಇನ್ನೊಂದು ಸಂಗತಿ. ಆ ಕೆನಡಾದ ಮಹಿಳೆಯ ಯಂತ್ರದ ಪದಭಂಡಾರ 1,024 ಪದಗಳದ್ದು, ಅದರಲ್ಲೂ ಸುಮಾರು ನಾಲ್ಕರಲ್ಲಿ ಒಂದು ಪದ ತಪ್ಪು. ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಯಂತ್ರ ಲೆಕ್ಕ ಹಾಕಿ ವಾಕ್ಯ ಹೊಂದಿಸುತ್ತದೆ. ತಪ್ಪು ಕಡಿಮೆಯಾಗುತ್ತ ಬಂದಿದೆ, ಇನ್ನೂ ಆದೀತು. ಆದರೆ "ಅವಳಿಗೆ ಒಡವೆ ಬೇಡವಂತೆ", "ಅವಳಿಗೆ ಓದು ಮುಂದುವರಿಸುವ ಆಸೆ ಇಲ್ಲವಂತೆ" ಎಂದು ನಮ್ಮ ಪರವಾಗಿ ಎಷ್ಟು ಜನ ಮಾತು ಹೊಂದಿಸಿಲ್ಲ! ಯಂತ್ರದ ವಾಕ್ಯವನ್ನು "ಅಲ್ಲ, ನಾನು ಅಂದದ್ದು ಅದಲ್ಲ" ಎಂದು ಅಳಿಸುವ ಅಧಿಕಾರ, ಅದು ಹೊರಬೀಳುವ ಮೊದಲೇ, ಹಾಸಿಗೆಯಲ್ಲಿ ಮಲಗಿರುವವಳಿಗೆ ಇರಬೇಕು. ಡಾಕ್ಟರಿಗಲ್ಲ, ಕಂಪನಿಗಲ್ಲ, ಮನೆಯವರಿಗೂ ಅಲ್ಲ.

ಮನೆಯವರಿಗೂ ಯಾಕಲ್ಲ ಎನ್ನುತ್ತೀರಾ? ನಿಮ್ಮ ಬೀದಿಯಲ್ಲೇ ವಿಚಾರಿಸಿ ನೋಡಿ. ಪಿಂಚಣಿ ಬರುವ ಎಷ್ಟು ಜನ ಅಮ್ಮಂದಿರ ಎಟಿಎಂ ಕಾರ್ಡು ಮಗನ ಜೇಬಿನಲ್ಲಿದೆ, ಅದರ ಗುಪ್ತಸಂಖ್ಯೆ ಸ್ವತಃ ಅವರಿಗೆ ಗೊತ್ತಿಲ್ಲ! ಸ್ಟ್ಯಾನ್‌ಫರ್ಡಿನವರ ಬೀಗ ನಮ್ಮೂರಿಗೆ ಬಂದ ದಿನ ಆ ಗುಪ್ತವಾಕ್ಯವನ್ನು ಆರಿಸುವವರು ಯಾರು ಎಂದು ಕಾನೂನು ಈಗಲೇ ಬರೆದಿಡಲಿ.