ನಳಿಕೆಯ ಬದಲಾವಣೆಗೆ ಮುನ್ನ

ಗುರಿಯಭ್ಯಾಸದ .22 ಅರೆಸ್ವಯಂಚಾಲಿತ ರೈಫಲ್ಲಿನ ನಿಖರತೆ ವೃದ್ಧಿಸಬೇಕಾದರೆ ದಪ್ಪ ನಳಿಕೆಯೊಂದನ್ನು ಜೋಡಿಸಿದರೆ ಸಾಕೆಂದು ಕಳೆದ ಸಂಚಿಕೆಯ ಲೇಖಕರು ಪ್ರತಿಪಾದಿಸಿರುವುದನ್ನು ನಾನು ಒಪ್ಪಲಾರೆ. 1964ರಲ್ಲಿ ಅಮೆರಿಕದಲ್ಲಿ ಹೊರಬಂದ ರೂಗರ್ 10/22ನ್ನೇ ನಿದರ್ಶನವಾಗಿ ಪರಿಗ್ರಹಿಸಿದರೆ, ಅದರ ನಳಿಕೆಯನ್ನು ಎರಡು ತಿರುಪುಗಳನ್ನು ಸಡಿಲಿಸಿ ಬದಲಿಸಬಹುದೆಂಬುದು ದಿಟ. ಆದರೆ ಸುಲಭವಾದುದೆಲ್ಲ ಪ್ರಥಮ ಕರ್ತವ್ಯವೆನಿಸದು. ಇಂಥ ರೈಫಲ್ಲು ಬಳಸುವ ರಿಮ್‌ಫೈರ್ ತೋಟಾವನ್ನು ಅಭ್ಯಾಸಿಯು ಮದ್ದು ಮರುತುಂಬಿ ತಿದ್ದಿಕೊಳ್ಳುವ ರೂಢಿ ಇಲ್ಲವಾದುದರಿಂದ, ಹಲವು ತಯಾರಿಕೆಗಳನ್ನು ಪರೀಕ್ಷಿಸಿ ತನ್ನ ರೈಫಲ್ಲಿಗೆ ಒಗ್ಗುವುದನ್ನು ಆರಿಸಿಕೊಳ್ಳುವುದೇ ಮೊದಲ ಸಾಧನೆ. ಸೆಕೆಂಡಿಗೆ ಸುಮಾರು 340 ಮೀಟರಿನ ಶಬ್ದವೇಗವನ್ನು ಮೀರಿ ಹೊರಟ ಗುಂಡು ಮಾರ್ಗಮಧ್ಯದಲ್ಲಿ ಆ ಮಿತಿಗಿಳಿಯುವಾಗ ಅಸ್ಥಿರತೆಗೆ ಈಡಾಗಬಹುದಾದ ಕಾರಣದಿಂದಲೇ ಸ್ಪರ್ಧೆಯ ತೋಟಾಗಳನ್ನು ಸಾಮಾನ್ಯವಾಗಿ ಅದಕ್ಕಿಂತ ಮಂದಗತಿಯವಾಗಿ ರಚಿಸುತ್ತಾರೆ. ಅಂಥವು ರೈಫಲ್ಲಿನ ಸ್ವಯಂಚಲನೆಗೆ ಸಾಕಷ್ಟು ಬಲವೀಯುವುವೇ ಎಂಬುದನ್ನಷ್ಟೇ ಪರಿಶೀಲಿಸಬೇಕು. ತರುವಾಯ ಭುಜಕ್ಕಾನಿಸುವ ಮರದ ಹಿಡಿಯಲ್ಲಿ ಯಂತ್ರಭಾಗವು ಅಲುಗದೆ ಕುಳಿತಿರಬೇಕು, ಟ್ರಿಗರ್‌ನ ಎಳೆತ ಏಕರೂಪವಾಗಿರಬೇಕು. ಒಮ್ಮೆಗೆ ಒಂದನ್ನೇ ತಿದ್ದಿ, 50 ಮೀಟರಿನಲ್ಲಿ ಗುಂಡುಗಳ ಗುಂಪನ್ನು ಪ್ರತಿಬಾರಿಯೂ ಅಳೆದು ನೋಡುವವನಿಗೆ ಮಾತ್ರವೇ ನಳಿಕೆ ನಿಜವಾಗಿ ದೋಷಿಯೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಅಧಿಕಾರವುಂಟು. ಹಣ ವ್ಯಯಿಸುವ ಮುನ್ನ ಓದುಗರು ಆ ಶ್ರಮವನ್ನು ವಹಿಸಲೆಂಬುದೇ ನನ್ನ ಆಗ್ರಹ.